ದೊಡ್ಡ ಫೈಲನ್ನು ತುಂಡು ತುಂಡಾಗಿ ಇಳಿಸಿಕೊಳ್ಳುವುದು

ಬೆಂಗಳೂರಿನಲ್ಲಿ ಮೇ ತಿಂಗಳ ಸಂಜೆ ಜೋರು ಮಳೆ ಬಂದರೆ ಕರೆಂಟ್ ಹೋಗುತ್ತದೆ, ಜೊತೆಗೆ ರೂಟರ್ ಕೂಡ. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತಿದ್ದರೂ ಇಳಿಯುತ್ತಿದ್ದ ಫೈಲು ಅರ್ಧಕ್ಕೇ ನಿಲ್ಲುತ್ತದೆ. ತುಂಡುಗಳಾಗಿ ಇಳಿಸುತ್ತಿದ್ದರೆ ಕೈತಪ್ಪುವುದು ಒಂದು ತುಂಡು ಮಾತ್ರ. ತುಂಡು ಮಾಡುವುದು ಕಷ್ಟವಲ್ಲ. ಸರ್ವರ್ ಕೊಟ್ಟದ್ದು ನಾವು ಕೇಳಿದ ತುಂಡೇ, ಅದೂ ಅದೇ ಫೈಲಿನದೇ ಎಂದು ಖಾತ್ರಿ ಮಾಡಿಕೊಳ್ಳುವುದೇ ನಿಜವಾದ ಕೆಲಸ.

ಮೊದಲು ಹೆಡರ್, ಅಂದರೆ ಫೈಲಿನ ಬಗ್ಗೆ ಸರ್ವರ್ ಕೊಡುವ ವಿವರದ ಸಾಲುಗಳನ್ನು ಮಾತ್ರ ತರಿಸಿ ನೋಡಿ. ಕಮಾಂಡ್ ಕೊಟ್ಟು ಫೈಲು ಇಳಿಸುವ ಕರ್ಲ್ ಬಳಸುವವರಿಗೆ ಅದರ ಆಯ್ಕೆ ಹೈಫನ್ ಮತ್ತು ದೊಡ್ಡ ಅಕ್ಷರದ ಐ. ಕಂಟೆಂಟ್-ಲೆಂತ್‌ನಲ್ಲಿ ಫೈಲಿನ ಗಾತ್ರ ಬೈಟ್‌ಗಳಲ್ಲಿ ಇರುತ್ತದೆ. ಈಟ್ಯಾಗ್ (ಫೈಲಿನ ಈ ಆವೃತ್ತಿಗೆ ಸರ್ವರ್ ಕೊಟ್ಟ ಗುರುತು) ಇದ್ದರೆ ಬರೆದಿಟ್ಟುಕೊಳ್ಳಿ. ಆಕ್ಸೆಪ್ಟ್-ರೇಂಜಸ್ ಎದುರು 'ಬೈಟ್ಸ್' ಎಂದಿದ್ದರೆ ತುಂಡು ಕೇಳಬಹುದು. ಆ ಸಾಲು ಇಲ್ಲದೆಯೂ ತುಂಡು ಕೊಡುವ ಸರ್ವರ್‌ಗಳಿವೆ. ಹಾಗಾಗಿ ಒಂದೇ ಒಂದು ಬೈಟ್ ಕೇಳಿ ಪರೀಕ್ಷಿಸಿ. ಉತ್ತರದ ಸಂಖ್ಯೆ 206 ಬಂದರೆ ಸರಿ, ಕೇಳಿದ ತುಂಡು ಮಾತ್ರ ಬಂದಿದೆ. 200 ಬಂದರೆ ನಿಮ್ಮ ಮಾತು ಸರ್ವರ್ ಕೇಳಿಲ್ಲ, ಇಡೀ ಫೈಲನ್ನೇ ಕಳಿಸುತ್ತಿದೆ ಎಂದರ್ಥ, ತಕ್ಷಣ ನಿಲ್ಲಿಸಿ.

ಫೈಲು 500 ಕೋಟಿ ಬೈಟ್ ಇದೆ, ಅಂದರೆ 5 ಜಿಬಿ ಎಂದುಕೊಳ್ಳಿ. ಐದು ತುಂಡು ಮಾಡಿದರೆ ತಲಾ 100 ಕೋಟಿ. ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ, ಎರಡೂ ತುದಿಗಳು ಸೇರುತ್ತವೆ. ಆದ್ದರಿಂದ ಮೊದಲ ತುಂಡು 0ಯಿಂದ 99,99,99,999. ಎರಡನೆಯದು 100,00,00,000ದಿಂದ 199,99,99,999. ಮೊದಲನೆಯದನ್ನು 100 ಕೋಟಿವರೆಗೆ ಎಂದು ಕೇಳಿದರೆ ಒಂದು ಬೈಟ್ ಹೆಚ್ಚು ಬಂದು, ಜೋಡಿಸಿದ ಮೇಲೆ ಅಲ್ಲಿಂದಾಚೆಗಿನದ್ದೆಲ್ಲ ಒಂದು ಬೈಟ್ ಸರಿದುಬಿಡುತ್ತದೆ. ಕೊನೆಯ ತುಂಡಿಗೆ ಅಂತ್ಯದ ಸಂಖ್ಯೆ ಕೊಡದೆ ಖಾಲಿ ಬಿಡಬಹುದು. ಫೈಲಿನ ತುದಿ ದಾಟಿದ ಜಾಗದಿಂದ ಕೇಳಿದರೆ 416, ಅಂದರೆ ಅಂಥ ತುಂಡು ಇಲ್ಲ ಎಂಬ ಉತ್ತರ ಬರುತ್ತದೆ.

ಕರ್ಲ್‌ಗೆ ಫೇಲ್ ಆಯ್ಕೆಯನ್ನೂ ಕೊಡಿ. ಅವಧಿ ಮುಗಿಯುವ ಲಿಂಕ್ ಆಗಿದ್ದರೆ ಮೂರನೇ ತುಂಡಿನ ಹೊತ್ತಿಗೆ 403, ಅಂದರೆ ಅನುಮತಿ ಇಲ್ಲ ಎಂಬ ಉತ್ತರ ಬರಬಹುದು. ಈ ಆಯ್ಕೆ ಇಲ್ಲದಿದ್ದರೆ ಆ ದೋಷದ ಪುಟವೇ ತುಂಡಿನ ಹೆಸರಿನಲ್ಲಿ ಸೇವ್ ಆಗುತ್ತದೆ.

ಇದಕ್ಕಿಂತ ಕೆಟ್ಟದ್ದು, ನಡುವೆ ಸರ್ವರ್‌ನಲ್ಲಿ ಫೈಲೇ ಬದಲಾಗುವುದು. ಮೊದಲೆರಡು ತುಂಡು ಹಳೆಯದು, ಉಳಿದದ್ದು ಹೊಸದು. ಗಾತ್ರ ಸರಿಯಾಗಿಯೇ ಇರಬಹುದು, ಯಾವ ದೋಷವೂ ಕಾಣಿಸುವುದಿಲ್ಲ. ಬರೆದಿಟ್ಟ ಈಟ್ಯಾಗನ್ನು ಇಫ್-ರೇಂಜ್ ಹೆಡರ್‌ನಲ್ಲಿ ಕಳಿಸಿದರೆ, ಫೈಲು ಹಾಗೇ ಇದ್ದಾಗ 206, ಬದಲಾಗಿದ್ದರೆ 200 ಬರುತ್ತದೆ. ಈಟ್ಯಾಗ್ ಡಬ್ಲ್ಯೂ-ಸ್ಲ್ಯಾಶ್‌ನಿಂದ ಶುರುವಾಗುತ್ತಿದ್ದರೆ ಅದು ದುರ್ಬಲ ಗುರುತು, ಈ ಕೆಲಸಕ್ಕೆ ಒದಗುವುದಿಲ್ಲ.

ಒಂದೇ ಸಲ ಎಷ್ಟು ತುಂಡು? ನಿಮ್ಮ ಲೈನು ಆಗಲೇ ತುಂಬಿ ಓಡುತ್ತಿದ್ದರೆ ಕನೆಕ್ಷನ್ ಹೆಚ್ಚಿಸಿ ಲಾಭವಿಲ್ಲ: 40 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 5 ಎಂಬಿ, ಈ ಫೈಲಿಗೆ ಸುಮಾರು 17 ನಿಮಿಷ ಬೇಕೇ ಬೇಕು. ಸರ್ವರ್ ಪ್ರತಿ ಕನೆಕ್ಷನ್‌ಗೆ ಮಿತಿ ಹಾಕಿದ್ದರೆ, ಅಥವಾ ಅಮೆರಿಕದಲ್ಲಿದ್ದು ಸಂದೇಶ ಹೋಗಿಬರಲು 200 ಮಿಲಿಸೆಕೆಂಡ್ ಮೀರುತ್ತಿದ್ದರೆ ಮಾತ್ರ ವೇಗ ಏರುತ್ತದೆ. ನಾಲ್ಕು ಸಾಕು. ಹದಿನಾರು ತೆರೆದು 429 (ಬೇಡಿಕೆ ಅತಿಯಾಯಿತು) ಅಥವಾ 503 (ಈಗ ಸೇವೆ ಇಲ್ಲ) ತರಿಸಿಕೊಳ್ಳಬೇಡಿ. ಆ ಸರ್ವರ್ ಬೇರೆಯವರಿಗೂ ಬೇಕು. ಈ ಲೆಕ್ಕಾಚಾರವನ್ನೆಲ್ಲ ತಾನೇ ಮಾಡಿಕೊಳ್ಳುವ ಏರಿಯಾ2 ಎಂಬ ತಂತ್ರಾಂಶ ನನ್ನ ಮೊದಲ ಆಯ್ಕೆ. ಅದು ಪಕ್ಕದಲ್ಲಿಡುವ ಪುಟ್ಟ ಕಂಟ್ರೋಲ್ ಫೈಲನ್ನು, ಕೆಲಸ ಮುಗಿಯುವವರೆಗೆ ಅಳಿಸಬೇಡಿ.

ತುಂಡುಗಳಿಗೆ 01, 02 ಎಂದೇ ಹೆಸರಿಡಿ. ಬರೀ 1, 2 ಎಂದಿಟ್ಟರೆ ಹೆಸರಿನ ಸಾಲಿನಲ್ಲಿ 10 ಬಂದು 2ರ ಮುಂದೆ ನಿಲ್ಲುತ್ತದೆ. ಲಿನಕ್ಸ್‌ನಲ್ಲಿ ಕ್ಯಾಟ್ ಕಮಾಂಡ್‌ನಿಂದ ಜೋಡಿಸಬಹುದು. ವಿಂಡೋಸ್‌ನ ಕಾಪಿ ಕಮಾಂಡ್‌ಗೆ ಸ್ಲ್ಯಾಶ್-ಬಿ ಕೊಡಲೇಬೇಕು, ಇಲ್ಲದಿದ್ದರೆ ಅದು ತುಂಡುಗಳನ್ನು ಪಠ್ಯವೆಂದುಕೊಂಡು, ಪಠ್ಯದ ಕೊನೆ ಎಂದು ಸೂಚಿಸುವ ಕಂಟ್ರೋಲ್-ಝಡ್ ಬೈಟ್ ಸಿಕ್ಕಲ್ಲಿ ನಿಲ್ಲಿಸುತ್ತದೆ. ಜೋಡಿಸುವಾಗ ಡಿಸ್ಕ್‌ನಲ್ಲಿ ಎರಡರಷ್ಟು ಜಾಗ ಬೇಕು.

ಕೊನೆಗೆ, ಜೋಡಿಸಿದ ಫೈಲಿನ ಎಸ್‌ಎಚ್‌ಎ-256 ಮೊತ್ತವನ್ನು (ಫೈಲಿನ ಬೈಟ್‌ಗಳಿಂದ ಲೆಕ್ಕಹಾಕಿದ ಬೆರಳಚ್ಚಿನಂಥ ಸಂಖ್ಯೆ) ತೆಗೆದು, ಫೈಲು ಕೊಟ್ಟವರು ಪ್ರಕಟಿಸಿದ ಮೊತ್ತದೊಡನೆ ಹೋಲಿಸಿ. ತಾಳೆಯಾಗದಿದ್ದರೆ ಮೊದಲು ಪ್ರತಿ ತುಂಡಿನ ಗಾತ್ರ ನೋಡಿ. ತಪ್ಪಿದ್ದನ್ನು ಮಾತ್ರ ಮತ್ತೆ ಇಳಿಸಿ. ಗಾತ್ರವೆಲ್ಲ ಸರಿಯಿದ್ದರೆ ಜೋಡಿಸಿದ ಕ್ರಮವನ್ನೂ ಈಟ್ಯಾಗನ್ನೂ ನೋಡಿ. ಫೈಲನ್ನು ಪೆನ್‌ಡ್ರೈವ್‌ನಲ್ಲಿ ಬೇರೆಡೆ ಒಯ್ಯುವುದಿದ್ದರೆ ತುಂಡುಗಳನ್ನು ಅಳಿಸಬೇಡಿ: ಫ್ಯಾಟ್32 ಎಂಬ ಕಡತ ವ್ಯವಸ್ಥೆಯ ಪೆನ್‌ಡ್ರೈವ್ 429,49,67,295 ಬೈಟ್ ಮೀರಿದ ಫೈಲನ್ನು ಹಿಡಿಯುವುದಿಲ್ಲ. ತುಂಡುಗಳನ್ನೇ ಒಯ್ದು, ಹೋದ ಕಡೆಯ ಕಂಪ್ಯೂಟರ್‌ನಲ್ಲಿ ಜೋಡಿಸಿ.