ಗೆದ್ದರು ಸರಿ, ಸೋತವರು ಯಾರು?

ಐನ್‌ಸ್ಟೈನ್ ಅವರ ಗುರುತ್ವ ಸಿದ್ಧಾಂತ ಯಾವುದಾದರೂ ಪರೀಕ್ಷೆಯಲ್ಲಿ ಪಾಸಾದಾಗಲೆಲ್ಲ "ಐನ್‌ಸ್ಟೈನ್ ಮತ್ತೆ ಗೆದ್ದರು" ಅನ್ನುವ ಸುದ್ದಿ ಬರುತ್ತಲೇ ಇರುತ್ತದೆ. ಗೆದ್ದರು ಸರಿ, ಆದರೆ ಸೋತ ಸಿದ್ಧಾಂತ ಯಾವುದು? ನನಗೆ ಅದೇ ಮುಖ್ಯ ಅನಿಸುತ್ತದೆ.

2017ರ ಆಗಸ್ಟ್ 17ನ್ನೇ ತೆಗೆದುಕೊಳ್ಳಿ. ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು (ಸತ್ತ ದೊಡ್ಡ ನಕ್ಷತ್ರಗಳ ಅತಿ ಗಟ್ಟಿ ತಿರುಳು) ಒಂದನ್ನೊಂದು ಸುತ್ತುತ್ತಾ ಹತ್ತಿರ ಬಂದು ಡಿಕ್ಕಿ ಹೊಡೆದಿದ್ದವು. ಅಲ್ಲಿಂದ ಹೊರಟ ಗುರುತ್ವ ಅಲೆ, ಅಂದರೆ ದೇಶ-ಕಾಲದಲ್ಲೇ ಎದ್ದ ಅಲೆ, ಅಂದು ಅಮೆರಿಕದ ಲೈಗೋ ಪತ್ತೆಯಂತ್ರಗಳಿಗೆ ಸಿಕ್ಕಿತು. ಸುಮಾರು 1.7 ಸೆಕೆಂಡ್ ಆದಮೇಲೆ ಫರ್ಮಿ ಉಪಗ್ರಹಕ್ಕೆ ಗಾಮಾ ಕಿರಣ (ಅದೂ ಒಂದು ಬಗೆಯ ಬೆಳಕೇ) ಕಂಡಿತು. 13 ಕೋಟಿ ವರ್ಷದ ಓಟದಲ್ಲಿ ಬರೀ 1.7 ಸೆಕೆಂಡ್! ಅದೂ ದಾರಿಯಲ್ಲಿ ಆದ ತಡ ಅಲ್ಲದೇ ಇರಬಹುದು, ಡಿಕ್ಕಿಯಾದ ಮೇಲೆ ಕಿರಣ ಹೊರಡುವುದಕ್ಕೇ ಸ್ವಲ್ಪ ಹೊತ್ತು ಹಿಡಿದಿರಬಹುದು. ಐನ್‌ಸ್ಟೈನ್ ಪ್ರಕಾರ ಗುರುತ್ವ ಅಲೆಗೂ ಬೆಳಕಿಗೂ ಒಂದೇ ವೇಗ. ಆದರೆ ವಿಶ್ವ ದಿನೇದಿನೇ ಜೋರಾಗಿ ಹಿಗ್ಗುತ್ತಿರುವುದಕ್ಕೆ ಗುರುತ್ವದ ನಿಯಮವನ್ನೇ ತಿದ್ದಿ ಕಾರಣ ಕೊಡಲು ಹೊರಟಿದ್ದ ಎಷ್ಟೋ ಸಿದ್ಧಾಂತಗಳಲ್ಲಿ ಗುರುತ್ವ ಅಲೆಯ ವೇಗವೇ ಬೇರೆ, ಬೆಳಕಿನ ವೇಗವೇ ಬೇರೆ. ಅವುಗಳಲ್ಲಿ ಬಹಳಷ್ಟು ಈ ಒಂದೇ ಅಳತೆಗೆ ಮೂಲೆ ಸೇರಿದವು.

ಇದಕ್ಕಿಂತ ಹಳೆಯ ಪರೀಕ್ಷೆ ನನಗೆ ಇನ್ನೂ ಇಷ್ಟ. 1974ರಲ್ಲಿ ಖಗೋಳ ವಿಜ್ಞಾನಿಗಳಾದ ಹಲ್ಸ್ ಮತ್ತು ಟೇಲರ್ ಅರೆಸಿಬೊ ರೇಡಿಯೊ ಟೆಲಿಸ್ಕೋಪಿನಲ್ಲಿ ಒಂದು ಪಲ್ಸಾರ್ ಕಂಡರು. ಪಲ್ಸಾರ್ ಅಂದರೆ ಗಿರಗಿರ ತಿರುಗುತ್ತಾ ಗಡಿಯಾರದ ಹಾಗೆ ರೇಡಿಯೊ ಮಿಡಿತ ಕಳಿಸುವ ನ್ಯೂಟ್ರಾನ್ ನಕ್ಷತ್ರ. ಅದು ಇನ್ನೊಂದು ನ್ಯೂಟ್ರಾನ್ ನಕ್ಷತ್ರದ ಜೊತೆ 7.75 ಗಂಟೆಗೊಂದು ಸುತ್ತು ಹಾಕುತ್ತದೆ. ಗುರುತ್ವ ಅಲೆಗಳಾಗಿ ಶಕ್ತಿ ಸೋರಿಹೋಗುವುದರಿಂದ ಆ ಅವಧಿ ವರ್ಷಕ್ಕೆ ಸುಮಾರು 76 ಮೈಕ್ರೊಸೆಕೆಂಡ್ ಕಡಿಮೆಯಾಗುತ್ತದೆ. ಇಷ್ಟು ಚಿಕ್ಕದನ್ನು ಅಳೆಯುವುದು ಹೇಗೆ ಅಲ್ವಾ? ಕಾಯಬೇಕು, ಅಷ್ಟೇ. ಪ್ರತಿ ಸುತ್ತೂ ಹಿಂದಿನದಕ್ಕಿಂತ ಒಂಚೂರು ಬೇಗ ಮುಗಿದು, ಆ ಚೂರುಗಳೆಲ್ಲ ಗುಡ್ಡೆಯಾಗಿ, 30 ವರ್ಷ ಕಳೆಯುವಷ್ಟರಲ್ಲಿ ಎರಡೂ ನಕ್ಷತ್ರಗಳು ತೀರಾ ಹತ್ತಿರ ಬರುವ ಕ್ಷಣ ಸುಮಾರು 40 ಸೆಕೆಂಡ್ ಮುಂಚೆಯೇ ಬಂದುಬಿಟ್ಟಿತ್ತು. ಐನ್‌ಸ್ಟೈನ್ ಲೆಕ್ಕಕ್ಕೂ ಈ ಅಳತೆಗೂ ಶೇ 0.2ರಷ್ಟೂ ವ್ಯತ್ಯಾಸವಿಲ್ಲ.

ಗುರುತ್ವದ ಜೊತೆ ಎಲ್ಲೆಡೆ ಹರಡಿರುವ ಇನ್ನೊಂದು ಕ್ಷೇತ್ರವೂ (ಫೀಲ್ಡ್) ಇದೆ ಅನ್ನುವ ಸಿದ್ಧಾಂತಗಳಿವೆ. ಅದು ನಿಜವಾದರೆ, ಜೋಡಿಯಲ್ಲಿ ಒಂದು ಗಟ್ಟಿಯಾಗಿ ಅದುಮಿಕೊಂಡ ನ್ಯೂಟ್ರಾನ್ ನಕ್ಷತ್ರ, ಇನ್ನೊಂದು ಅದಕ್ಕಿಂತ ಎಷ್ಟೋ ಸಡಿಲವಾದ ಶ್ವೇತಕುಬ್ಜ (ಸೂರ್ಯನಂಥ ನಕ್ಷತ್ರ ಸತ್ತಮೇಲೆ ಉಳಿಯುವ ತಿರುಳು) ಆಗಿದ್ದಾಗ ಶಕ್ತಿ ಜಾಸ್ತಿ ಸೋರಬೇಕು. ಅಂಥ ಜೋಡಿಗಳನ್ನು ವರ್ಷಗಟ್ಟಲೆ ನೋಡಿದ್ದಾರೆ, ಹೆಚ್ಚಿನ ಸೋರಿಕೆ ಕಂಡಿಲ್ಲ. ಆ ಸಿದ್ಧಾಂತಗಳು ಪೂರ್ತಿ ಸತ್ತಿಲ್ಲ, ಆದರೆ ಅವಕ್ಕೆ ಉಳಿದಿರುವ ಜಾಗ ಬಹಳ ಇಕ್ಕಟ್ಟು.

ನನ್ನ ಆಸೆಯೆಲ್ಲ ಈಗ ಕಪ್ಪುಕುಳಿಯನ್ನು ಸುತ್ತುವ ಪಲ್ಸಾರ್ ಮೇಲೆ. ಅಷ್ಟು ಹೊಂದಿಕೆಯಿಲ್ಲದ ಜೋಡಿಯಲ್ಲಿ ಆ ಸೋರಿಕೆ ಇದ್ದರೆ ಬಚ್ಚಿಟ್ಟುಕೊಳ್ಳುವುದು ಕಷ್ಟ. ಖಚಿತವಾಗಿ ಇನ್ನೂ ಒಂದೂ ಸಿಕ್ಕಿಲ್ಲ, ಹುಡುಕುತ್ತಲೇ ಇದ್ದಾರೆ.