ಫ್ರಿಜ್ಜಿಗೊಂದು ದರ್ಭೆ

ಇಡ್ಲಿಗೆ ಅಕ್ಕಿ, ಉದ್ದು ನೆನೆಹಾಕಿ ಕೈ ಒರೆಸಿಕೊಳ್ಳುತ್ತಿದ್ದೆ. ಅತ್ತೆ ಅಡುಗೆಮನೆಗೆ ಬಂದು ಪಾತ್ರೆಯೊಳಗೆ ಇಣುಕಿ, “ಇವತ್ತೇ ನೆನೆಸಬೇಕಿತ್ತೇನೇ?” ಎಂದರು. ನನಗೆ ಅರ್ಥವಾಗಲಿಲ್ಲ. ಅವರ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲಿತ್ತು. 2025ರ ಸೆಪ್ಟೆಂಬರ್ 7, ಭಾನುವಾರ, ಹುಣ್ಣಿಮೆ. ಚೌಕದ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ‘ಖಗ್ರಾಸ ಚಂದ್ರಗ್ರಹಣ’ ಎಂದು ಅಚ್ಚಾಗಿತ್ತು. ಅದರ ಮೇಲೆಯೇ ನಾನು ಪೆನ್ನಿನಲ್ಲಿ ‘ಹಾಲು 1 ಹೆಚ್ಚು’ ಎಂದು ಗೀಚಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು. ಹಿಂದಿನ ದಿನವಷ್ಟೇ ಮಕ್ಕಳಿಗೆ ‘ನಾಳೆ ರಾತ್ರಿ ತಪ್ಪದೆ ನೋಡಿ’ ಎಂದು ಹೇಳಿ ಬಂದಿದ್ದೆ. ಇಡ್ಲಿಯ ಮಟ್ಟಿಗೆ ಮಾತ್ರ ಗ್ರಹಣ ಮರೆತೇಹೋಗಿತ್ತು.

ನಮ್ಮ ಮೈಸೂರಿನ ಮನೆಯಲ್ಲಿ ಆ ಕ್ಯಾಲೆಂಡರನ್ನು ಕೇಳದೆ ಒಲೆ ಹೊತ್ತುವುದಿಲ್ಲ. ರಾಹುಕಾಲ, ಏಕಾದಶಿ ಅದರಲ್ಲೇ. ಹಾಲಿನ ಲೆಕ್ಕ, ಚೀಟಿ ಕಟ್ಟುವ ತಾರೀಖು, ಹೊಸ ಸಿಲಿಂಡರ್ ಜೋಡಿಸಿದ ದಿನವೂ ಅದರಲ್ಲೇ. 14.2 ಕೆ.ಜಿ. ಅನಿಲ ನಾಲ್ಕು ಜನರಿಗೆ ಎಷ್ಟು ದಿನ ಬಂತು ಎಂಬುದನ್ನು ಅತ್ತೆ ವರ್ಷಗಳಿಂದ ಬರೆದಿಡುತ್ತಾ ಬಂದಿದ್ದಾರೆ. ಬೇಳೆಯನ್ನು ಮೊದಲೇ ನೆನೆಸಿ, ಕುಕ್ಕರ್ ಎರಡು ಸಲ ಕೂಗಿದೊಡನೆ ಒಲೆ ಆರಿಸಿ, ಮುಚ್ಚಳ ತೆಗೆಯದೆ ಬಿಟ್ಟರೆ ಉಳಿದದ್ದು ಒಳಗಿನ ಬಿಸಿಗೇ ಬೇಯುತ್ತದೆ ಎನ್ನುವುದು ಅವರು ಈ ಲೆಕ್ಕದಿಂದಲೇ ಕಂಡುಕೊಂಡದ್ದು. ಕುಕ್ಕರಿನೊಳಗೆ ಒತ್ತಡ ಹೆಚ್ಚಿ ನೀರು 120 ಡಿಗ್ರಿಯ ಹತ್ತಿರ ಕುದಿಯುತ್ತದೆ ಎಂದು ನಾನು ಪಾಠ ಹೇಳಿದರೆ ಮಕ್ಕಳು ಕಿಟಕಿಯಾಚೆ ನೋಡುತ್ತಾರೆ. ನಮ್ಮತ್ತೆಯ ಕೈಯಲ್ಲಿ ಸಿಲಿಂಡರ್ ಐದು ದಿನ ಹೆಚ್ಚು ಬರುತ್ತದೆ ಎಂದರೆ ತಲೆ ಎತ್ತುತ್ತಾರೆ.

ರಾತ್ರಿ 9:57ಕ್ಕೆ ಸ್ಪರ್ಶ, 1:26ರ ಸುಮಾರಿಗೆ ಮೋಕ್ಷ. ಮೊಬೈಲಿನ ಖಗೋಳ ಪುಟವೂ ಅದನ್ನೇ ಹೇಳುತ್ತಿತ್ತು. ಹೇಳಲೇಬೇಕು, ಇಬ್ಬರೂ ಲೆಕ್ಕ ಹಾಕುವುದು ಅದೇ ಸೂರ್ಯ, ಅದೇ ಚಂದ್ರನ ಚಲನೆಯ ಮೇಲೆ. ಚಂದ್ರನ ದಾರಿ ಸೂರ್ಯನ ದಾರಿಯನ್ನು ದಾಟುವ ಎರಡು ಬಿಂದುಗಳಿಗೇ ಪಂಚಾಂಗ ರಾಹು, ಕೇತು ಎನ್ನುವುದು. ಚಂದ್ರನನ್ನು ಮುಚ್ಚುವುದು ಭೂಮಿಯ ದೊಡ್ಡ ನೆರಳು ಎಂದು ಆರ್ಯಭಟ 499ರಷ್ಟು ಹಿಂದೆಯೇ ಬರೆದಿಟ್ಟಿದ್ದಾನೆ. ಅಲ್ಲಿಯವರೆಗೆ ನನಗೂ ಅತ್ತೆಗೂ ತಕರಾರಿಲ್ಲ. ಅಲ್ಲಿಂದ ಅವರು ಒಂಬತ್ತು ಗಂಟೆ ಹಿಂದಕ್ಕೆ ಎಣಿಸಿ, ಒಂದು ಗಂಟೆಗೆ ಮೂರು ನಿಮಿಷ ಇರುವಾಗ ವೇಧ, ಅಂದರೆ ಗ್ರಹಣಕ್ಕೆ ಮುಂಚಿನ ಉಣ್ಣಬಾರದ ಹೊತ್ತು, ಶುರು ಎಂದು ಎಲ್ಲರನ್ನೂ ಊಟಕ್ಕೆ ಎಬ್ಬಿಸಿದರು. ಹೀರೇಕಾಯಿ ಹುಳಿಯನ್ನು ಅಷ್ಟು ಅವಸರದಲ್ಲಿ ನಾನು ಎಂದೂ ಉಂಡಿರಲಿಲ್ಲ.

ಟಿ.ವಿ.ಯಲ್ಲಿ ಹನ್ನೆರಡು ರಾಶಿಗಳ ಫಲ ನಡೆದಿತ್ತು. ಗ್ರಹಣ ಕುಂಭದಲ್ಲಿ, ನಮ್ಮ ಯಜಮಾನರದು ಕುಂಭವೇ. ಬಿಳಿ ವಸ್ತ್ರ, ಅಕ್ಕಿ, ಬೆಳ್ಳಿಯ ಚಂದ್ರಬಿಂಬ ದಾನ ಮಾಡಬೇಕು ಎಂದು ಪರದೆಯ ಮೇಲಿದ್ದವರು ಹೇಳುತ್ತಿದ್ದಂತೆ ಅತ್ತೆ ಬೀರು ತೆರೆದು, ಯಾವುದೋ ಮದುವೆಯಲ್ಲಿ ಬಂದಿದ್ದ ಬಿಳಿ ಟವೆಲ್ ಒಂದನ್ನು ಹೊರಗೆಳೆದರು. “ಬೆಳ್ಳಿ?” ಎಂದೆ. “ಈಗಿನ ಬೆಳ್ಳಿಯ ಬೆಲೆ ಗೊತ್ತೇನು ನಿನಗೆ? ಹೊಸ ರೂಪಾಯಿ ನಾಣ್ಯವೂ ಹೊಳೆಯುತ್ತದೆ.”

ಬಿ.ಕಾಂ. ಓದುವ ಮಗಳಿಗೆ ಈಚೆಗೆ ಟ್ಯಾರೋ ಹುಚ್ಚು. 399 ರೂಪಾಯಿ ಕೊಟ್ಟು 78 ಕಾರ್ಡುಗಳ ಕಟ್ಟು ತರಿಸಿಕೊಂಡಿದ್ದಾಳೆ. ಅದು ಬಂದ ದಿನ ಅತ್ತೆ, ಆ ದುಡ್ಡಿಗೆ ಮೂರು ಕೆ.ಜಿ. ತೊಗರಿಬೇಳೆ ಬರುತ್ತಿತ್ತು ಎಂದು ಎರಡು ಸಲ ಹೇಳಿದ್ದರು. ವೇಧದ ಮಧ್ಯಾಹ್ನ ಮಾಡಲು ಕೆಲಸವಿಲ್ಲದೆ ಅವರೂ ಚಾಪೆಯ ಮೇಲೆ ಕುಳಿತರು. “ಅಜ್ಜಿ, ಎಡಗೈಯಲ್ಲಿ ಒಂದು ತೆಗೆ.” ಬಂದ ಕಾರ್ಡಿನಲ್ಲಿ ಕಿರೀಟ ಹಾಕಿದವನೊಬ್ಬ ಕುಳಿತಿದ್ದ. ತಲೆಯ ಮೇಲೊಂದು ನಾಣ್ಯ, ಎದೆಗೆ ಅವುಚಿಕೊಂಡದ್ದು ಒಂದು, ಪಾದದಡಿ ಎರಡು. ಅತ್ತೆ ಕನ್ನಡಕ ಏರಿಸಿ ನೋಡಿದರು. “ಪಾಪ, ಇವನ ಮನೆಯಲ್ಲಿ ಸಾಸಿವೆ ಡಬ್ಬಿ ಇರಲಿಲ್ಲವೇನೇ? ತಲೆಯ ಮೇಲೇಕೆ ಇಟ್ಟುಕೊಂಡಿದ್ದಾನೆ?”

ಮಗಳು ಕಿರುಪುಸ್ತಕ ನೋಡಿ ಫಲ ಓದಿದಳು: ಕೈಯಲ್ಲಿರುವುದು ಜಾರೀತೆಂಬ ಭಯ ನಿಮಗಿದೆ, ಕಷ್ಟಪಟ್ಟು ಕೂಡಿಟ್ಟಿದ್ದೀರಿ, ಒಮ್ಮೊಮ್ಮೆ ಬಿಡುವುದನ್ನೂ ಕಲಿಯಬೇಕು. ಅತ್ತೆಯ ಮುಖ ಅರಳಿತು. ನಿಜ ಹೇಳಬೇಕೆಂದರೆ ನನಗೂ ಒಂದು ಕ್ಷಣ ಮೈ ಜುಮ್ಮೆಂದಿತು. ಆಮೇಲೆ ನನ್ನ ಮೇಲೇ ನಗು ಬಂದು, ಅದೇ ಫಲವನ್ನು ಪತ್ರಿಕೆ ಓದುತ್ತಿದ್ದ ಯಜಮಾನರಿಗೆ ‘ನಿಮ್ಮ ಕಾರ್ಡು’ ಎಂದು ಓದಿ ಹೇಳಿದೆ. ತಿಂಗಳ ಹದಿನೈದಕ್ಕೇ ನನ್ನ ಬಳಿ ಸಾಲ ಕೇಳುವ ಮನುಷ್ಯ. “ಪರವಾಗಿಲ್ಲವೇ, ಸರಿಯಾಗಿ ಹೇಳುತ್ತದೆ!” ಎಂದರು.

1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಂ ಫೋರರ್ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ಫಲಿತಾಂಶವೆಂದು ಎಲ್ಲರ ಕೈಗೂ ಒಂದೇ ಬರಹವನ್ನಿಟ್ಟ. ಅದರಲ್ಲಿನ ಬಹುಪಾಲು ಸಾಲುಗಳು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದವು. ತಮಗೆ ಎಷ್ಟು ಹೊಂದುತ್ತದೆ ಎಂದು ಕೇಳಿದಾಗ ಅವರು ಕೊಟ್ಟ ಸರಾಸರಿ ಅಂಕ 5ಕ್ಕೆ 4.26. ಮಗಳು ಇದನ್ನು ಕೇಳಿ ಬೇಸರಪಟ್ಟುಕೊಳ್ಳಲಿಲ್ಲ. “ಅಮ್ಮಾ, ಚಿತ್ರ ಚೆನ್ನಾಗಿದೆಯಲ್ಲ” ಎಂದಳು. ಚೆನ್ನಾಗಿಯೇ ಇದೆ. 15ನೇ ಶತಮಾನದ ಇಟಲಿಯಲ್ಲಿ ಇದು ಬರಿಯ ಇಸ್ಪೀಟಿನಂಥ ಆಟ. ಭವಿಷ್ಯ ಹೇಳುವ ಕೆಲಸ ಅದಕ್ಕೆ ಅಂಟಿದ್ದು ಶತಮಾನಗಳಾದ ಮೇಲೆ. ಇವಳ ಕಟ್ಟಿನ ಚಿತ್ರಗಳನ್ನು ಬರೆದವಳು ಪಮೆಲಾ ಕೋಲ್‌ಮನ್ ಸ್ಮಿತ್, 1909ರಲ್ಲಿ.

ನಿಜವಾದ ಜಗಳ ಎದ್ದದ್ದು ಆಮೇಲೆ. ಮಗಳ ಮೊಬೈಲ್ ಪ್ರಕಾರ ಗ್ರಹಣ ಮೀನದಲ್ಲಿ, ಅಜ್ಜಿಯ ಕ್ಯಾಲೆಂಡರಿನ ಪ್ರಕಾರ ಕುಂಭದಲ್ಲಿ. ನನಗೆ ಹಬ್ಬವಾಯಿತು. ಭೂಮಿಯ ಅಕ್ಷ ವೇಗ ತಗ್ಗಿದ ಬುಗುರಿಯ ಹಾಗೆ ಓಲಾಡುತ್ತಾ ಸುತ್ತುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ, 72 ವರ್ಷಕ್ಕೆ ಒಂದು ಡಿಗ್ರಿ. ಪಾಶ್ಚಾತ್ಯರು ರಾಶಿಗಳನ್ನು ವಿಷುವದಿಂದ, ಅಂದರೆ ಹಗಲು ರಾತ್ರಿ ಸಮವಾಗುವಾಗ ಸೂರ್ಯನಿರುವ ಬಿಂದುವಿನಿಂದ, ಎಣಿಸುತ್ತಾರೆ, ನಮ್ಮವರು ನಕ್ಷತ್ರಗಳಿಂದ. ಈಗ ನಡುವಿನ ಅಂತರ ಸುಮಾರು 24 ಡಿಗ್ರಿ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21–22ಕ್ಕೆ, ನಾವು ಎಳ್ಳುಬೆಲ್ಲ ಬೀರುವುದು ಜನವರಿ 14ರ ಸುಮಾರಿಗೆ, ದಿನಕ್ಕೆ ಸುಮಾರು ಒಂದು ಡಿಗ್ರಿಯಂತೆ ಅಂತರ ಅದೇ. ಆ ರಾತ್ರಿ ಚಂದ್ರ ನಿಂತದ್ದು ಕುಂಭದ ನಕ್ಷತ್ರಗಳ ನಡುವೆಯೇ. ತೀರ್ಪು ಅತ್ತೆಯ ಪರ. ಯಜಮಾನರ ದೋಷವೂ ಗಟ್ಟಿಯಾಗಿ ಟವೆಲ್ ಕೈಬಿಟ್ಟಿತು.

ಸಂಜೆ ದರ್ಭೆಯ ಕೆಲಸ. ಒಂದೊಂದು ಎಳೆಯನ್ನೂ ಕತ್ತರಿಯಲ್ಲಿ ಮೂರು ತುಂಡು ಮಾಡಿ ಉಪ್ಪಿನಕಾಯಿ ಭರಣಿಗೆ, ತುಪ್ಪಕ್ಕೆ, ಕುಡಿಯುವ ನೀರಿಗೆ ಹಾಕುತ್ತಾ ಬಂದವರು ಫ್ರಿಜ್ ತೆರೆದು ನಿಂತರು. ಹಾಲು, ಮೊಸರು, ಹುಳಿ, ತೆಂಗಿನತುರಿ, ಹುಣಸೆ ಗೊಜ್ಜು. ಕೈಯಲ್ಲಿದ್ದ ತುಂಡುಗಳನ್ನು ಎಣಿಸಿ, ಒಂದನ್ನು ನಡುವಿನ ತಟ್ಟೆಯ ಮೇಲಿಟ್ಟು ಬಾಗಿಲು ಹಾಕಿದರು. “ಎಲ್ಲಕ್ಕೂ ಸೇರಿ ಆಯಿತು.” ಗ್ರಹಣ ಹಿಡಿದ ಅನ್ನ ಉಣ್ಣಬಾರದು ಎನ್ನುವುದು ಶಾಸ್ತ್ರ, ಅನ್ನ ಚೆಲ್ಲಬಾರದು ಎನ್ನುವುದೂ ಶಾಸ್ತ್ರ. ಎರಡರ ನಡುವೆ ಸಿಕ್ಕಿಬಿದ್ದ ಯಾರೋ ಜಾಣ ಗೃಹಿಣಿಯೇ ದರ್ಭೆಯನ್ನು ಕಂಡುಹಿಡಿದಿರಬೇಕು ಎಂದು ನನಗೆ ಅಂದಿನಿಂದ ಗುಮಾನಿ.

ರುಬ್ಬಿದ ಹಿಟ್ಟಿಗೂ ಒಂದು ತುಂಡು ಬಿತ್ತು. ನಾನು ಒಂದು ಲೋಟ ಹಿಟ್ಟನ್ನು ಸ್ಟೀಲಿನ ಡಬ್ಬಿಗೆ ಹಾಕಿ, ದರ್ಭೆಯಿಲ್ಲದೆ ಮಿಕ್ಸಿಯ ಹಿಂದೆ ಬಚ್ಚಿಟ್ಟೆ.

ತಾರಸಿಯಲ್ಲಿ ಮೋಡದ ಕಾಟ. ಹತ್ತು ಗಂಟೆ ದಾಟಿದ ಮೇಲೆ ನೆರಳಿನ ಅಂಚು ಕಂಡಿತು. ಅದು ಎಲ್ಲಿ ಕಚ್ಚಿದರೂ ದುಂಡಗೇ ಇರುತ್ತದೆ. ಭೂಮಿ ಗುಂಡಗಿದೆ ಎನ್ನಲು ಅರಿಸ್ಟಾಟಲ್ ಹಿಡಿದ ಸಾಕ್ಷಿ ಅದು. ಹನ್ನೊಂದಕ್ಕೆ ಚಂದ್ರ ಪೂರ್ತಿ ಕೆಂಪು. ಭೂಮಿಯ ಸುತ್ತಲಿನ ಗಾಳಿ ನೀಲಿಯನ್ನು ಚದುರಿಸಿ ಕೆಂಪನ್ನಷ್ಟೇ ಆಚೆ ಬಾಗಿಸಿ ಕಳಿಸುತ್ತದೆ ಎಂದು ಮಗಳಿಗೆ ಹೇಳುತ್ತಿದ್ದಾಗ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಗ್ರಹಣ ನೋಡಬಾರದೆನ್ನುವ ಅತ್ತೆ, ಒಣಹಾಕಿದ್ದ ಬಟ್ಟೆ ಒಯ್ಯಲು ಬಂದಿದ್ದರು. ರಾತ್ರಿ ಹನ್ನೊಂದೂವರೆಗೆ. ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ತಲೆ ಎತ್ತಿ ಸಾಕಷ್ಟು ಹೊತ್ತು ನೋಡಿದರು. “ಹುಣಸೆಹಣ್ಣು ಕಾಣದ ತಾಮ್ರದ ತಂಬಿಗೆ ಹಾಗಿದೆ” ಎಂದು ಹೇಳಿ ಇಳಿದುಹೋದರು. ಮೋಕ್ಷದ ಸ್ನಾನವನ್ನು ಬೆಳಗಿನ ಸ್ನಾನದ ಜೊತೆಗೇ ಮುಗಿಸಿದರು. ಎರಡು ಸಲ ಗೀಸರ್ ಹಾಕಲು ಯಾವ ಶಾಸ್ತ್ರವೂ ಹೇಳಿಲ್ಲವಂತೆ.

ಬೆಳಿಗ್ಗೆ ಪಕ್ಕದ ಮನೆಯವರು ತಾರಸಿಯ ಟ್ಯಾಂಕಿನ ನೀರನ್ನೆಲ್ಲ ಚರಂಡಿಗೆ ಬಿಡುತ್ತಿದ್ದರು. ನಮ್ಮದೂ ಬಿಡಬೇಕೇ ಎಂದು ಕೆಣಕಿದೆ. “ಹರಿಯುವ ನೀರಿಗೆ ದೋಷವಿಲ್ಲ. ಕಾವೇರಿ ಹರಿದು ತಾನೆ ನಮ್ಮ ಟ್ಯಾಂಕಿಗೆ ಬಂದದ್ದು?”

ಮಿಕ್ಸಿಯ ಹಿಂದಿನ ಡಬ್ಬಿಯನ್ನು ಹೊರತೆಗೆದೆ. ದೊಡ್ಡ ಪಾತ್ರೆಯ ಹಿಟ್ಟಿನಷ್ಟೇ ಉಬ್ಬಿತ್ತು, ಅದೇ ಹುಳಿವಾಸನೆ, ಅವೇ ಗುಳ್ಳೆ. ಇಡ್ಲಿ ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಲ್ಯುಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ. ಅದಕ್ಕೆ ಚಂದ್ರ ಕೆಂಪಾದದ್ದು ತಿಳಿದಿರಲಿಲ್ಲ. ಎರಡನ್ನೂ ಅತ್ತೆಯ ಮುಂದಿಟ್ಟು ಗುಟ್ಟು ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಡಬ್ಬಿಯನ್ನೂ ಪಾತ್ರೆಯನ್ನೂ ನೋಡಿ, “ಎರಡೂ ಒಂದೇ ಕಟ್ಟೆಯ ಮೇಲಿದ್ದವಲ್ಲ, ಆ ದರ್ಭೆಯೇ ಇದನ್ನೂ ಕಾಯಿತು. ನೀನು ಡಬ್ಬಿಯನ್ನು ಬೇರೆ ಮನೆಯಲ್ಲಿ ಇಡಬೇಕಿತ್ತು” ಎಂದರು. ವಿಜ್ಞಾನದ ಶಿಕ್ಷಕಿ ಬಾಯಿ ಮುಚ್ಚಿಕೊಂಡು ಇಡ್ಲಿ ತಟ್ಟೆಗೆ ಎಣ್ಣೆ ಸವರಿದಳು.

“ಇನ್ನೊಂದು ಯಾವಾಗ?” ಎಂದು ಕೇಳಿದರು. ಮಾರ್ಚ್ 3, ಚಂದ್ರ ಹುಟ್ಟುವಾಗಲೇ ಹಿಡಿದಿರುತ್ತದೆ, ಸ್ವಲ್ಪ ಹೊತ್ತಿಗೇ ಬಿಡುತ್ತದೆ ಎಂದೆ. ಫ್ರಿಜ್ಜಿನ ದರ್ಭೆಯನ್ನು ತುಳಸಿಯ ಬುಡಕ್ಕೆ ಹಾಕಿ ಬಂದು, ಬಳಸದೆ ಉಳಿದಿದ್ದ ಎಳೆಗಳನ್ನು ಎಣಿಸಿ ಹಾಲಿನ ಪ್ಯಾಕೆಟ್ಟಿನ ರಬ್ಬರ್ ಬ್ಯಾಂಡ್ ಹಾಕಿ, ಸಾಸಿವೆ ಡಬ್ಬಿಯ ಪಕ್ಕದಲ್ಲಿ ನಿಲ್ಲಿಸಿದರು.