ಕ್ಯಾಂಪರ್ ಮೂಗು: ಬಾಗದ ಫೋಮ್ ಕೊನೆಗೂ ಬಾಗಿತು

ನಾನು ಕಟ್ಟುತ್ತಿರುವ ಕ್ಯಾಂಪರ್ ಟ್ರೇಲರಿನ (ಗಾಡಿಯ ಹಿಂದೆ ಎಳೆದೊಯ್ಯುವ ಪುಟ್ಟ ಮನೆ) ಮೂಗು, ಅಂದರೆ ಮುಂಭಾಗದ ಫೋಮ್ ತಿರುವು, ಅಚ್ಚಿಗೆ ಬಿಗಿದಿದ್ದ ಬೆಲ್ಟ್ ಬಿಚ್ಚಿದ ಮೇಲೂ ಬಾಗಿದ ಹಾಗೇ ನಿಂತಿದೆ. ಹೊರಮೈಯಲ್ಲಿ ಒಂದು ಬಿರುಕೂ ಇಲ್ಲ. ಟ್ರೇಲರಿನ ಚಾಸಿ, ನೆಲ, ಪಕ್ಕದ ಗೋಡೆ ಇವುಗಳ ಬಗ್ಗೆ ಈ ಸಲ ಏನೂ ಬರೆಯುವುದಿಲ್ಲ. ಅವೆಲ್ಲ ನೇರ ಹಲಗೆ, ನೇರ ಕೆಲಸ. ನಿಮಗೂ ಗೊತ್ತಿರುವುದೇ. ಇಷ್ಟು ದಿನ ನನ್ನ ತಲೆ ತಿಂದಿದ್ದು ಮುಂಭಾಗದ ತಿರುವು ಒಂದೇ. ಒಳ ತ್ರಿಜ್ಯ 250 ಮಿಮೀ, ಒಟ್ಟು ದಪ್ಪ 50 ಮಿಮೀ, ಪೂರ್ತಿ 90 ಡಿಗ್ರಿ. ಕಾಗದದ ಮೇಲೆ ಬಹಳ ಚಂದ ಕಾಣುತ್ತದೆ.

ವಸ್ತು ಎಕ್ಸ್‌ಪಿಎಸ್, ಅಂದರೆ ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್. ಮಣಿಮಣಿಯಾಗಿ ಉದುರುವ ಮಾಮೂಲಿ ಥರ್ಮಾಕೋಲ್ ಬೇಡ ಎಂದು ಮೊದಲೇ ತೀರ್ಮಾನ ಮಾಡಿದ್ದೆ. ಎಕ್ಸ್‌ಪಿಎಸ್ ಗಟ್ಟಿ, ನೀರು ಕುಡಿಯುವುದು ಬಹಳ ಕಡಿಮೆ, ಅಂಚು ನೀಟಾಗಿ ಬರುತ್ತದೆ. ಬಾಗಿಸಲು ಹೋದಾಗ ಮಾತ್ರ ಅದರ ಬಣ್ಣ ಬಯಲಾಗುತ್ತದೆ. ಒತ್ತಿದರೆ ತಡೆದುಕೊಳ್ಳುತ್ತದೆ, ಎಳೆದರೆ ಪಟ್ ಎನ್ನುತ್ತದೆ. ಹಲಗೆ ಬಾಗಿದಾಗ ಹೊರಮೈ ಎಷ್ಟು ಹಿಗ್ಗಬೇಕು ಎಂಬುದಕ್ಕೆ ಸುಲಭದ ಲೆಕ್ಕ ಇದೆ. ದಪ್ಪವನ್ನು ತ್ರಿಜ್ಯದ ಎರಡರಷ್ಟರಿಂದ ಭಾಗಿಸಿ. 25 ಮಿಮೀ ಹಲಗೆಯನ್ನು 600 ಮಿಮೀ ತ್ರಿಜ್ಯಕ್ಕೆ ಬಾಗಿಸಿದರೆ ಸುಮಾರು 2 ಶೇಕಡಾ. ಚಾವಣಿಯ ದೊಡ್ಡ ತಿರುವು ಹೀಗೇ ಸುಮ್ನೆ ಒತ್ತಿ ಕೂರಿಸಿದರೆ ಕೂತಿತು. ಮೂಗಿನಲ್ಲಿ 50 ಮಿಮೀ ಹಲಗೆ, 250ರ ತ್ರಿಜ್ಯ. ಹತ್ತಿರ ಹತ್ತಿರ 10 ಶೇಕಡಾ. ಅಷ್ಟು ಹಿಗ್ಗು ಎಂದು ಈ ವಸ್ತುವಿಗೆ ಹೇಳುವುದೇ ತಪ್ಪು.

"ಬಿಸಿ ಮಾಡಿ ನೋಡು" ಎಂದು ಎಲ್ಲರೂ ಹೇಳುತ್ತಾರೆ. ನೋಡಿದೆ. ಪಾಲಿಸ್ಟೈರೀನ್ ಮೆತ್ತಗಾಗುವುದು ಸುಮಾರು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಹೀಟ್ ಗನ್ನಿನ ಗಾಳಿ ಅದಕ್ಕಿಂತ ಎಷ್ಟೋ ಜಾಸ್ತಿ ಬಿಸಿ. ಆದರೆ ತೊಂದರೆ ಅಲ್ಲಿಲ್ಲ. ಇದು ಶಾಖ ಒಳಗೆ ಬಿಡಬಾರದು ಎಂದೇ ತಯಾರಾದ ವಸ್ತು, ಅಲ್ವಾ? ಅದಕ್ಕೇ ತಾನೇ ನಾವು ಅದನ್ನು ಗೋಡೆಗೆ ಹಾಕುತ್ತಿರುವುದು! ಮೇಲ್ಮೈ ಕರಗಿ, ಕುಗ್ಗಿ, ಗುಳಿ ಬಿದ್ದ ಮೇಲೂ ನಡುಭಾಗ ತಣ್ಣಗೆ ಕೂತಿರುತ್ತದೆ. ಆಗ ಬಾಗಿಸಿದರೆ ನಡುವಿನಿಂದಲೇ ಒಡೆಯುತ್ತದೆ. 5-6 ಮಿಮೀ ಹಾಳೆಗೆ ಈ ಉಪಾಯ ಸರಿ, ವಿಮಾನದ ಮಾಡೆಲ್ ಮಾಡುವವರು ಹಾಗೇ ಮಾಡುತ್ತಾರೆ. 50 ಮಿಮೀ ಹಲಗೆಗೆ ಆಗುವ ಮಾತಲ್ಲ. ಅಲ್ಯೂಮಿನಿಯಂ ಹಾಳೆ ಅಂಟಿಸಿದ ಪಿಐಆರ್ (ಪಾಲಿಐಸೊಸೈನ್ಯುರೇಟ್ ಎಂಬ ಬೇರೆ ಬಗೆಯ ಫೋಮ್) ಬೋರ್ಡ್ ಇರುವವರು ಈ ದಾರಿಗೆ ಕಾಲೇ ಇಡಬೇಡಿ. ಅದು ಥರ್ಮೋಸೆಟ್. ಬಿಸಿ ಮಾಡಿದರೆ ಮೆತ್ತಗಾಗುವುದಿಲ್ಲ, ಸುಡುತ್ತದೆ, ವಿಷದ ಹೊಗೆ ಬಿಡುತ್ತದೆ.

ಹಾಗಾಗಿ ಉಳಿದದ್ದು ಹಳೆಯ ಬಡಗಿ ವಿದ್ಯೆ: ಒಳಮೈಯಲ್ಲಿ ಸಾಲಾಗಿ ಸೀಳು ಹಾಕಿ, ಆ ಸೀಳುಗಳು ಮುಚ್ಚಿಕೊಳ್ಳುವಂತೆ ಬಾಗಿಸುವುದು.

ಇಲ್ಲಿ ಲೆಕ್ಕ ಮಜವಾಗಿದೆ. 90 ಡಿಗ್ರಿ ತಿರುವಿನಲ್ಲಿ ಹೊರಮೈಗೂ ಒಳಮೈಗೂ ಇರುವ ಉದ್ದದ ವ್ಯತ್ಯಾಸ ದಪ್ಪದ 1.57ರಷ್ಟು. ತ್ರಿಜ್ಯ ಎಷ್ಟೇ ಇರಲಿ, ಅದು ಬದಲಾಗುವುದಿಲ್ಲ! ತ್ರಿಜ್ಯ ದೊಡ್ಡದಾದರೆ ಸೀಳುಗಳು ದೂರ ದೂರ ಹೋಗುತ್ತವೆ ಅಷ್ಟೇ, ತೆಗೆಯಬೇಕಾದ ಫೋಮ್ ಅಷ್ಟೇ ಇರುತ್ತದೆ. 50 ಮಿಮೀ ಹಲಗೆಗೆ ಒಟ್ಟು 78 ಮಿಮೀ ಜಾಗ ಬೇಕು. 2 ಮಿಮೀ ಅಗಲದ ಗರಗಸದ ಬ್ಲೇಡಿನಲ್ಲಿ ಅದು 39 ಸೀಳು. ಹೊರ ಉದ್ದ 471 ಮಿಮೀ. ಅಂದರೆ 12 ಮಿಮೀಗೆ ಒಂದು, ಪ್ರತಿಯೊಂದೂ 47 ಮಿಮೀ ಆಳ. ಹಲಗೆ ಹೋಗಿ ಬಾಚಣಿಗೆ ಆಗುತ್ತದೆ. ಎತ್ತಿ ಅಚ್ಚಿನ ಮೇಲೆ ಇಡುವಷ್ಟರಲ್ಲಿ ಹಲ್ಲು ಉದುರುತ್ತವೆ.

25 ಮಿಮೀಯ ಎರಡು ಪದರ ಮಾಡಿದರೆ ಸೀಳುಗಳ ಸಂಖ್ಯೆ ಒಟ್ಟಿನಲ್ಲಿ ಕಡಿಮೆಯಾಗುವುದಿಲ್ಲ. ಒಂದೊಂದು ಪದರಕ್ಕೆ 39 ಮಿಮೀ, ಎರಡು ಸೇರಿದರೆ ಅದೇ 78. ಲಾಭ ಇರುವುದು ಬೇರೆ ಕಡೆ. ಸೀಳಿನ ಆಳ ಅರ್ಧ, ಹಲ್ಲಿನ ದಪ್ಪ ಎರಡರಷ್ಟು. ಕೈಯಲ್ಲಿ ಹಿಡಿಯಬಹುದು. ಒಂದು ಎಚ್ಚರ: ಹೊರಪದರದ ಹೊರ ಉದ್ದ 471, ಒಳಪದರದ್ದು 432. ಎರಡಕ್ಕೂ ಒಂದೇ ಅಂತರದಲ್ಲಿ ಗುರುತು ಹಾಕಿದರೆ ಲೆಕ್ಕ ಕೂರುವುದಿಲ್ಲ.

ಅಗಲದ ಬ್ಲೇಡ್ ಹಾಕಿ ಸೀಳು ಕಡಿಮೆ ಮಾಡಿದರೆ ಏನು ಎಂದು ಕೇಳಬಹುದು. 5 ಮಿಮೀ ಬ್ಲೇಡಿನಲ್ಲಿ ಎಂಟು ಸೀಳು ಸಾಕು, ನಿಜ. ಆದರೆ ಆಗ ತಿರುವು ತಿರುವಾಗಿ ಉಳಿಯುವುದಿಲ್ಲ, ಪಟ್ಟಿ ಪಟ್ಟಿಯಾಗುತ್ತದೆ. ಎರಡು ಸೀಳಿನ ನಡುವಿನ ಅಂತರದ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದರೆ ಪಟ್ಟಿ ನಿಜವಾದ ಕಮಾನಿನಿಂದ ಎಷ್ಟು ತಗ್ಗು ಎಂದು ತಿಳಿಯುತ್ತದೆ. ಅಂತರ 59 ಮಿಮೀ ಇದ್ದರೆ ಒಂದೂವರೆ ಮಿಮೀ. ಕ್ಯಾನ್ವಾಸ್ ಹೊದಿಸಿ ಪೇಂಟ್ ಹೊಡೆದರೂ ಬಿಸಿಲು ಓರೆಯಾಗಿ ಬಿದ್ದಾಗ ಎದ್ದು ಕಾಣುತ್ತದೆ. 2 ಮಿಮೀ ಬ್ಲೇಡಿನಲ್ಲಿ ಅಂತರ 23.5, ತಗ್ಗು ಕಾಲು ಮಿಮೀಗಿಂತ ಕಡಿಮೆ. ಅದು ಪೇಂಟಿನಲ್ಲೇ ಮುಚ್ಚಿಹೋಗುತ್ತದೆ.

ಸೀಳನ್ನು ಹೊರಮೈಗೆ ಹಾಕಿ, ಬಾಗಿಸಿದ ಮೇಲೆ ತೆರೆದುಕೊಂಡ ಸಂದಿಗೆ ಪಿಯು (ಪಾಲಿಯುರೆಥೇನ್) ಫೋಮ್ ತುಂಬುವ ದಾರಿಯೂ ಇದೆ. ಬಿರುಕು ಬರುವುದಿಲ್ಲ, ಅದೊಂದು ಒಳ್ಳೆಯದು. ಆದರೆ ಒಣಗಿದ ಪಿಯು ಎಕ್ಸ್‌ಪಿಎಸ್‌ನಷ್ಟು ಸುಲಭವಾಗಿ ಸವೆಯುವುದಿಲ್ಲ. ಸ್ಯಾಂಡ್ ಪೇಪರ್ ಆಡಿಸಿದಾಗ ಅಕ್ಕಪಕ್ಕದ ಫೋಮ್ ಸವೆದು ಪಿಯು ಗೆರೆ ಉಬ್ಬಿಕೊಂಡೇ ಉಳಿಯುತ್ತದೆ. ಇದರ ಮೇಲೆ ನನಗೆ ದ್ವೇಷವೇ ಹುಟ್ಟಿದೆ.

ಈಗ ಸಪ್ಲೈಯರ್ ಪುರಾಣ. 25 ಮಿಮೀ ಎಂದು ಬಂದ ಹಲಗೆಗಳು ನಡುವೆ 24, ಅಂಚಿನಲ್ಲಿ 26. "ಗೋಡೆಗೆ ಹಾಕೋರು ಯಾರೂ ಅಳತೆ ಹಿಡಿಯಲ್ಲ ಸಾರ್" ಎಂಬ ಉತ್ತರ ಬಂತು. ಮೂಲೆ ಮುರಿದ ಹಲಗೆಗಳನ್ನು ಕಟ್ಟಿನ ನಡುವೆ ಸೇರಿಸಿ ಕಳಿಸುವ ಕಲೆ ಬೇರೆ. 12 ಮಿಮೀ ಹಲಗೆ ಕೇಳಿದರೆ ಅಂಥದ್ದು ಲೋಕದಲ್ಲೇ ಇಲ್ಲ ಎನ್ನುವ ಹಾಗೆ ನೋಡುತ್ತಾರೆ. ಅದು ಸಿಕ್ಕಿದ್ದರೆ ಈ ಪುಟದ ಅರ್ಧ ಗೋಳು ಇರುತ್ತಿರಲಿಲ್ಲ. ಹಲಗೆ ಬಗ್ಗದಂತೆ ತಡೆಯುವ ಬಿಗಿ ದಪ್ಪದ ಘನದಂತೆ ಏರುತ್ತದೆ. ದಪ್ಪ ಅರ್ಧವಾದರೆ ಬಿಗಿ ಎಂಟರಲ್ಲಿ ಒಂದು ಪಾಲು. ನಾಲ್ಕು ತೆಳು ಪದರ ಅಂಟಿಸುತ್ತಾ ಬಾಗಿಸಿದ್ದರೆ ಸೀಳು ಹಾಕುವ ಗೊಡವೆಯೇ ಬೇಡವಿತ್ತು. ಬಿಚ್ಚಿದ ಮೇಲೆ ಹಿಂದಕ್ಕೆ ಚಿಮ್ಮುವುದೂ ಪದರಗಳ ಸಂಖ್ಯೆಯ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ: ಎರಡು ಪದರಕ್ಕೆ ನಾಲ್ಕನೇ ಒಂದು, ನಾಲ್ಕಕ್ಕೆ ಹದಿನಾರನೇ ಒಂದು.

ದಪ್ಪದ ಈ ಏರುಪೇರು ಚಿಲ್ಲರೆ ವಿಷಯ ಎನಿಸಬಹುದು. ಎಲ್ಲ ಹಾಳಾಗಿದ್ದು ಅದರಿಂದಲೇ. ಗರಗಸ ಮೇಲ್ಮೈಯಿಂದ 22 ಮಿಮೀ ಆಳಕ್ಕೆ ಇಳಿಯುತ್ತದೆ. ಕೆಳಗೆ ಉಳಿಯುವ ಪೊರೆ ನಡುವಿನಲ್ಲಿ 2 ಮಿಮೀ, ಅಂಚಿನಲ್ಲಿ 4. ತೆಳು ಪೊರೆ ಸುಲಭವಾಗಿ ಮಡಚಿಕೊಳ್ಳುತ್ತದೆ, ದಪ್ಪ ಪೊರೆ ಹಠ ಹಿಡಿಯುತ್ತದೆ. ಅಂಚಿನಲ್ಲಿ ಸಣ್ಣ ಬಿರುಕು ಶುರುವಾಗಿ ಸೀಳಿನ ತಳದುದ್ದಕ್ಕೂ ಸರ್ ಎಂದು ಓಡುತ್ತದೆ. ಬ್ಲೇಡಿನ ಹಲ್ಲು ತಳದಲ್ಲಿ ಚೂಪಾದ ಮೂಲೆ ಬಿಡುವುದೂ ಇದಕ್ಕೆ ಸಹಾಯ ಮಾಡುತ್ತದೆ. ಹೊರಮೈಗೆ ನಾರಿನ ಎಳೆ ಇರುವ ಪ್ಯಾಕಿಂಗ್ ಟೇಪ್ ಹಚ್ಚಿದಾಗ ಪರಿಸ್ಥಿತಿ ಸುಧಾರಿಸಿತು. ಎಳೆತವನ್ನು ಟೇಪ್ ಹೊರುತ್ತದೆ. ಆದರೂ ಪೂರ್ತಿ ನಿಲ್ಲಲಿಲ್ಲ.

ಬಗೆಹರಿದದ್ದು ಹಾಟ್ ವೈರಿನಿಂದ, ಅಂದರೆ ಕರೆಂಟ್ ಹರಿಸಿ ಕಾಯಿಸಿದ ತಂತಿಯಿಂದ. ಸಾಮಾನ್ಯವಾಗಿ ನಾವು ಅದನ್ನು ಆಕಾರ ಕತ್ತರಿಸಲು ಬಳಸುತ್ತೇವೆ. ಇಲ್ಲಿ ಅದನ್ನು ನೆಟ್ಟಗೆ ಕೆಳಗೆ ಇಳಿಸಿದೆ. ಹಲಗೆಯ ಹೊರಮೈ ಮೇಜಿಗೆ ತಾಗುವಂತೆ ಮಲಗಿಸಿ, ಎರಡೂ ಬದಿಯಲ್ಲಿ 3 ಮಿಮೀ ದಪ್ಪದ ಪಟ್ಟಿ ಇಟ್ಟೆ. ನೈಕ್ರೋಮ್ ತಂತಿ ಮೇಲಿನಿಂದ ಇಳಿಯುತ್ತಾ ಬಂದು ಪಟ್ಟಿಯ ಮೇಲೆ ಕೂತು ನಿಲ್ಲುತ್ತದೆ. ಹಲಗೆ 24 ಇರಲಿ, 26 ಇರಲಿ, ಪೊರೆ ಎಲ್ಲ ಕಡೆ 3 ಮಿಮೀ! ಅಳತೆ ಮೇಜಿನಿಂದ ಹಿಡಿದದ್ದು, ಸಪ್ಲೈಯರನ ಸತ್ಯಸಂಧತೆಯಿಂದಲ್ಲ. ಇನ್ನೊಂದು ಬೋನಸ್: ತಂತಿ ಸೀಳಿನ ತಳವನ್ನು ದುಂಡಗೆ ಕರಗಿಸಿ ಗಟ್ಟಿ ಸಿಪ್ಪೆಯಂತೆ ಬಿಡುತ್ತದೆ. ಬಿರುಕು ಹುಟ್ಟಲು ಮೂಲೆಯೇ ಇಲ್ಲ.

ತಂತಿಗೂ ತನ್ನದೇ ಕಿರಿಕಿರಿ ಇದೆ. ಬಿಸಿಯಾದಾಗ ಉದ್ದವಾಗಿ ಜೋತು ಬೀಳುತ್ತದೆ, ಸ್ಪ್ರಿಂಗ್ ಹಾಕಿ ಎಳೆದಿರಲೇಬೇಕು. ಅವಸರಕ್ಕೆ ಇಳಿಸಿದರೆ ನಡುಭಾಗ ಹಿಂದೆ ಬೀಳುತ್ತದೆ. ತಳದಲ್ಲಿ ಕಾದು ನಿಂತರೆ ಸೀಳು ಅಗಲವಾಗುತ್ತದೆ. ಮೊದಲು ತುಂಡಿನ ಮೇಲೆ ಕತ್ತರಿಸಿ ಅಗಲ ಅಳೆಯಿರಿ. ನನ್ನ ತಂತಿಯಲ್ಲಿ 1.3 ಮಿಮೀ ಬಂತು. 39 ಭಾಗಿಸು 1.3, ಅಂದರೆ ಪದರಕ್ಕೆ 30 ಸೀಳು. ಹೊರಪದರಕ್ಕೆ 15.7 ಮಿಮೀ ಅಂತರ, ಒಳಪದರಕ್ಕೆ 14.4. ಪಟ್ಟಿಯ ತಗ್ಗು ಈಗ ಮಿಮೀಯ ಹತ್ತನೇ ಒಂದು. ಹೊಗೆಯಲ್ಲಿ ಸ್ಟೈರೀನ್ ಇರುತ್ತದೆ, ಕಿಟಕಿ ಬಾಗಿಲು ತೆರೆದಿಟ್ಟು, ಫ್ಯಾನ್ ಹೊರಮುಖವಾಗಿ ಇಟ್ಟು ಕೆಲಸ ಮಾಡಿ.

ಈ ತಂತಿಯ ಚೌಕಟ್ಟು ಕೈಗೆ ಬಂದಾಗಿನಿಂದ ತಲೆಯಲ್ಲಿ ದೋಣಿ ಓಡುತ್ತಿದೆ. ಇದೇ ಸೀಳು, ಇದೇ ಟೇಪ್, ಹೊರಗೆ ಗ್ಲಾಸ್ ಫೈಬರ್ ಮತ್ತು ಎಪಾಕ್ಸಿ. ಒಬ್ಬರು ಕೂರುವ ಚಿಕ್ಕದು. ಇದು ಅಷ್ಟೇನೂ ಹುಚ್ಚು ಯೋಚನೆಯಲ್ಲ. ಡೌ ಕಂಪನಿಯ ಸ್ಟೈರೋಫೋಮನ್ನು, ಅಂದರೆ ಇದೇ ಎಕ್ಸ್‌ಪಿಎಸ್ ಅನ್ನು, ಅಮೆರಿಕದ ಕೋಸ್ಟ್ ಗಾರ್ಡ್ 1942ರಲ್ಲೇ ಆರು ಜನರ ಜೀವರಕ್ಷಕ ತೆಪ್ಪಕ್ಕೆ ಬಳಸಿತ್ತು. ಈ ಫೋಮ್ ಗೋಡೆ ಸೇರುವ ಮೊದಲೇ ನೀರಿಗಿಳಿದದ್ದು. ಒಂದೇ ನೆನಪಿಡಬೇಕು: ಪಾಲಿಯೆಸ್ಟರ್ ರೆಸಿನ್ ಹಚ್ಚಿದರೆ ಅದರಲ್ಲಿರುವ ಸ್ಟೈರೀನ್ ಫೋಮನ್ನೇ ಕರಗಿಸಿಬಿಡುತ್ತದೆ. ದೋಣಿ ಇರಲಿ, ಮೊದಲು ಮೂಗು.

ಅಂಟು. ಮರಕ್ಕೆ ಹಾಕುವ ಬಿಳಿ ಅಂಟು ಹೊರಗೆ ಕ್ಯಾನ್ವಾಸ್ ಹಚ್ಚಲು ಬಹಳ ಒಳ್ಳೆಯದು. ಎರಡು ಫೋಮ್ ಪದರದ ನಡುವೆ ಕೆಲಸಕ್ಕೆ ಬಾರದು. ಅದರ ನೀರು ಆರಿ ಹೋಗಬೇಕು, ಎರಡೂ ಕಡೆ ನೀರು ಬಿಡದ ಗೋಡೆ ಇದ್ದರೆ ಎಲ್ಲಿಗೆ ಹೋಗಬೇಕು? ವಾರಗಟ್ಟಲೆ ಹಸಿಯಾಗೇ ಇರುತ್ತದೆ. ಪಿಯು ಅಂಟು ಉಲ್ಟಾ, ಅದಕ್ಕೆ ಗಟ್ಟಿಯಾಗಲು ತೇವವೇ ಬೇಕು. ಸೀಳುಗಳಿಗೆ ಸ್ಪ್ರೇ ಬಾಟಲಿಯಿಂದ ತೆಳ್ಳಗೆ ನೀರು ಹೊಡೆದು, ಅಂಟು ಹಚ್ಚಿ, ಅಚ್ಚಿಗೆ ಹಾಕಿದೆ. ಪಿಯು ಉಬ್ಬುತ್ತದಲ್ಲ, ಸೀಳು ಪೂರ್ತಿ ಮುಚ್ಚಿದರೆ ಅದಕ್ಕೆ ಜಾಗವಿರುವುದಿಲ್ಲ. ಇಲ್ಲಿ ಆ 3 ಮಿಮೀ ಪೊರೆ ಉಪಕಾರ ಮಾಡಿತು. ಅದರ ನಡುವಿನಿಂದ ಲೆಕ್ಕ ಹಾಕಿದರೆ 39ರ ಬದಲು 37 ಮಿಮೀ ಸಾಕು. ಉಳಿದ ಎರಡು ಮಿಮೀ ಅಂಟಿನ ಪಾಲು. ಥಿನ್ನರ್ ವಾಸನೆ ಬರುವ ಯಾವ ಕಾಂಟ್ಯಾಕ್ಟ್ ಅಂಟನ್ನೂ ಹತ್ತಿರ ತರಬೇಡಿ.

ಅಚ್ಚು ಮಾಮೂಲಿಯದೇ, ಪ್ಲೈವುಡ್ ಕಮಾನುಗಳ ಮೇಲೆ ರೀಪು, ಮೇಲೆ ಪ್ಲಾಸ್ಟಿಕ್ ಹಾಳೆ. ಒಳಪದರ ಮೊದಲು, ಅದರ ಮೇಲೆ ಹೊರಪದರ, ಸೀಳುಗಳು ಒಂದರ ಮೇಲೊಂದು ಬರದ ಹಾಗೆ ಸ್ವಲ್ಪ ಸರಿಸಿ. ರ‍್ಯಾಚೆಟ್ ಬೆಲ್ಟ್ ನೇರವಾಗಿ ಫೋಮಿನ ಮೇಲೆ ಹಾಕಿದರೆ ಹಳ್ಳ ಬೀಳುತ್ತದೆ, ಅಡಿಗೆ ರೀಪು ಬೇಕು. ನಡುವಿನ ಬೆಲ್ಟನ್ನು ಮೊದಲು ಬಿಗಿದು ಆಚೆ ಈಚೆ ಹೋದರೆ ಸೀಳುಗಳು ಒಂದಾದ ಮೇಲೊಂದು ತಾವೇ ಮುಚ್ಚಿಕೊಳ್ಳುತ್ತವೆ. ಎಲ್ಲ ಮುಚ್ಚಿದಾಗ ಅದಕ್ಕಿಂತ ಹೆಚ್ಚು ಬಾಗಲು ಹಲಗೆಯೇ ಬಿಡುವುದಿಲ್ಲ. ಲೆಕ್ಕ ಸರಿಯಿದ್ದರೆ ಅದೇ ನಿಮ್ಮ ತ್ರಿಜ್ಯ.

ಬಿಚ್ಚಿದಾಗ ತುದಿಗಳು ಕೂದಲೆಳೆಯಷ್ಟು ತೆರೆದವು, ಅಷ್ಟೇ. ಪಕ್ಕದ ಗೋಡೆಗೆ ಒತ್ತಿದರೆ ಸರಿಹೋಗುತ್ತದೆ. ಟೇಪ್ ಕೀಳುವಾಗ ಮಾತ್ರ ಅಲ್ಲಲ್ಲಿ ಫೋಮಿನ ಚಕ್ಕೆಯೂ ಕಿತ್ತು ಬಂತು. ನಿಧಾನವಾಗಿ, ಮೈಗೆ ಒತ್ತಿ ಹಿಡಿದಂತೆ ಹಿಂದಕ್ಕೆ ಮಡಚಿ ಎಳೆದರೆ ಕಡಿಮೆ ಕೀಳುತ್ತದೆ. ಕೆಲವು ಹಲಗೆಗೆ ಕಂಪನಿಯವರೇ ಅಂಟಿಸಿದ ತೆಳು ಪ್ಲಾಸ್ಟಿಕ್ ಹಾಳೆ ಇರುತ್ತದೆ. ಸಿಕ್ಕರೆ ಹೊರಮೈಯದನ್ನು ಬಾಗಿಸುವ ತನಕ ಇಟ್ಟುಕೊಳ್ಳಿ, ಕ್ಯಾನ್ವಾಸ್ ಹಚ್ಚುವ ಮೊದಲು ತೆಗೆಯಿರಿ.

ಪೇಂಟ್ ಬಿಳಿಯೇ. ಕಡುನೀಲಿ ಹೊಡೆಯುವ ಆಸೆ ಇತ್ತು. ಆದರೆ ಗಾಢ ಬಣ್ಣದ ಮೈ ಬಿಸಿಲಿನಲ್ಲಿ 70 ಡಿಗ್ರಿ ದಾಟಬಹುದು, ಎಕ್ಸ್‌ಪಿಎಸ್ ತಯಾರಕರು ಸಾಮಾನ್ಯವಾಗಿ ಕೊಡುವ ಮಿತಿ 75ರ ಆಸುಪಾಸು. ಇಷ್ಟೆಲ್ಲ ಪಾಡುಪಟ್ಟು ಕೂರಿಸಿದ ಮೂಗನ್ನು ಸೂರ್ಯನ ಕೈಗೆ ಕೊಡಲಾರೆ.

ಮುಂದಿನದು ಹಿಂಬದಿಯ ಅಡುಗೆ ಜಾಗದ ಬಾಗಿಲು. ಅದರ ತಿರುವಿನ ತ್ರಿಜ್ಯ ಮೇಲೆ ಒಂದು, ಕೆಳಗೆ ಒಂದು. ಹಾಗಾಗಿ ಸೀಳಿನ ಅಂತರ ದಾರಿಯಲ್ಲೇ ಬದಲಾಗುತ್ತಾ ಹೋಗಬೇಕು. ಅದನ್ನು ಸ್ಪ್ರೆಡ್‌ಶೀಟಿಗೆ ಹಾಕಿದ್ದೇನೆ. ತಲೆನೋವು ಬಾಗಿಲಿನ ಕೀಲಿನದ್ದು. ಫೋಮಿಗೆ ಸ್ಕ್ರೂ ಹಿಡಿಯುವುದಿಲ್ಲ, ಒಳಗೆ ಮರದ ಪಟ್ಟಿ ಹುದುಗಿಸಬೇಕು. ಆದರೆ ಅದೇ ಜಾಗದಲ್ಲಿ ತಿರುವು ಶುರುವಾಗುತ್ತದೆ. ಬಾಗಿಸುವ ಮೊದಲೇ ಪಟ್ಟಿ ಹುದುಗಿಸಿದವರು ಯಾರಾದರೂ ಇದ್ದರೆ ಹೇಗೆ ಮಾಡಿದಿರಿ ಎಂದು ಹೇಳಿ.